ಹಳೆಯ ಪೆಟ್ರೋಲು ನೌಕೆಯ ಹಸಿವು



ಕುದುರೆಯನ್ನು ಕೊಳ್ಳಹೊರಟವನು ಕುದುರೆಯ ಬೆಲೆಯನ್ನು ವಿಚಾರಿಸುತ್ತಾನೆ; ಅದನ್ನು ಸಾಕಿ ಅನುಭವವುಳ್ಳವನು ಹುಲ್ಲು ಹುರುಳಿಗಳ ಬೆಲೆಯನ್ನು ವಿಚಾರಿಸುತ್ತಾನೆ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂಬ ನಮ್ಮ ಹಿರಿಯರ ಮಾತು ಇಂಗ್ಲೆಂಡಿನ ಕಡಲ ತೀರದಲ್ಲಿ ತೇಲುತ್ತಿರುವ ಹಳೆಯ ಮೋಟಾರು ವಿಹಾರನೌಕೆಗಳಿಗೂ ಎಷ್ಟು ಚೆನ್ನಾಗಿ ಒಪ್ಪುವುದೆಂಬುದನ್ನು ನಾವು 2023ನೆಯ ಇಸವಿಯ ಬೇಸಗೆಯಲ್ಲಿ ಕಣ್ಣಾರೆ ಕಂಡೆವು. ಆ ಸಂಗತಿಯನ್ನೂ, ಅದರಲ್ಲಿ ನಮ್ಮಿಂದಲೇ ಆದ ಒಂದು ದೊಡ್ಡ ತಪ್ಪನ್ನೂ ಈ ಹೊತ್ತು ತಮ್ಮ ಮುಂದೆ ಅರಿಕೆಮಾಡಿಕೊಳ್ಳುತ್ತೇವೆ.

ಸೌತಾಂಪ್ಟನ್ ನಗರದ ಸಮೀಪದಲ್ಲಿ ಹ್ಯಾಂಬಲ್ ಎಂಬ ಸಣ್ಣ ನದಿಯೊಂದು ಸಮುದ್ರವನ್ನು ಸೇರುತ್ತದೆ. ಅದರ ಎರಡು ದಡಗಳಲ್ಲಿಯೂ ನೂರಾರು ನೌಕೆಗಳು ಕಟ್ಟಿ ನಿಂತಿರುತ್ತವೆ. ನಮ್ಮ ಮಿತ್ರರೊಬ್ಬರು, ನಿವೃತ್ತರಾದ ಉಪಾಧ್ಯಾಯರು, ಅಲ್ಲಿ ಮೂವತ್ತು ಅಡಿ ಉದ್ದದ ಒಂದು ನೌಕೆಯನ್ನು ಇಟ್ಟುಕೊಂಡಿದ್ದರು. ಅದು 1972ರಲ್ಲಿ ಕಟ್ಟಿದ್ದು. ಅದರ ಹಿಂಭಾಗದಲ್ಲಿ ತಲಾ 130 ಅಶ್ವಶಕ್ತಿಯ ಎರಡು ಪೆಟ್ರೋಲು ಯಂತ್ರಗಳು. ಒಂದು ಸಾಧಾರಣವಾದ ಹಳೆಯ ಮೋಟಾರು ಗಾಡಿಗೆ ಕೊಡುವಷ್ಟು ಹಣಕ್ಕೆ ಅವರು ಅದನ್ನು ಕೊಂಡಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದ ಸಂತೋಷ ಅದೊಂದೇ. ರಜದಲ್ಲಿ ಬರುತ್ತಿದ್ದ ಹನ್ನೆರಡು ವರ್ಷದ ಮೊಮ್ಮಗನು ಮನೆಯಲ್ಲಿ ಬಾಯಿ ಬಿಡದವನು, ನೌಕೆಯನ್ನು ಹತ್ತಿದೊಡನೆ ಮಾತನಾಡಲಾರಂಭಿಸುತ್ತಿದ್ದನಂತೆ.

ನಾವು ಹೋದ ರಾತ್ರಿಯೇ ಅವರು, “ಇದನ್ನು ಮಾರಿಬಿಡಬೇಕಾಗಿದೆ. ಪಿಂಚಣಿಯಲ್ಲಿ ನಾನು ಉಣ್ಣಬಹುದು, ಇಲ್ಲವೇ ಇದಕ್ಕೆ ಉಣಿಸಬಹುದು, ಎರಡೂ ಆಗದು. ನೀವು ಭೌತಶಾಸ್ತ್ರವನ್ನು ಪಾಠ ಹೇಳತಕ್ಕವರು, ಒಂದು ಸಲ ಲೆಕ್ಕ ನೋಡಿಬಿಡಿ,” ಎಂದು ಹೇಳಿ ನೌಕೆಯ ದಿನಚರಿಯನ್ನು ನಮ್ಮ ಕೈಯಲ್ಲಿಟ್ಟರು. ಹಿಂದಿನ ವರ್ಷ ನೌಕೆಯು ನಡೆದದ್ದು 50 ಗಂಟೆ. ಕುಡಿದದ್ದು 3,000 ಲೀಟರು. ಲೀಟರಿಗೆ ಒಂದೂವರೆ ಪೌಂಡಿನಂತೆ ಲೆಕ್ಕ ಹಿಡಿದರೆ 4,500 ಪೌಂಡು. ಕಟ್ಟುವ ಜಾಗದ ಬಾಡಿಗೆ, ವಿಮೆ, ಬಣ್ಣ ಇವೆಲ್ಲವೂ ಬೇರೆ; ಅವು ನೌಕೆ ನಡೆದರೂ ನಡೆಯದಿದ್ದರೂ ತಪ್ಪುವಂತಿರಲಿಲ್ಲ.

ಇಂತಹ ಹಸಿವಿನ ಯಂತ್ರಗಳನ್ನು ಏಕೆ ಕೂಡಿಸಿದರೆಂದು ಕೇಳಬಹುದು. ಆ ಕಾಲದಲ್ಲಿ ಪೆಟ್ರೋಲು ಸುಲಭ ಬೆಲೆಗೆ ಸಿಕ್ಕುತ್ತಿತ್ತು. ಡೀಸೆಲ್ ಯಂತ್ರಗಳು ಭಾರವಾಗಿಯೂ ದುಬಾರಿಯಾಗಿಯೂ ಗದ್ದಲದವಾಗಿಯೂ ಇದ್ದವು. ಮೋಟಾರು ಗಾಡಿಗಳಿಗಾಗಿ ಸಿದ್ಧವಾಗುತ್ತಿದ್ದ ಹಗುರವಾದ ಪೆಟ್ರೋಲು ಯಂತ್ರಗಳನ್ನೇ ಸ್ವಲ್ಪ ಮಾರ್ಪಡಿಸಿ ನೌಕೆಗಳಲ್ಲಿ ಇಡುವುದು ಅನುಕೂಲವಾಗಿತ್ತು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆಹಿಡಿದವು. ಪೀಪಾಯಿಗೆ ಸುಮಾರು 3 ಡಾಲರು ಇದ್ದ ಕಚ್ಚಾ ಎಣ್ಣೆಯ ಬೆಲೆ 1974ರ ಆದಿಯೊಳಗೆ 12 ಡಾಲರಿನ ಸಮೀಪಕ್ಕೆ ಏರಿತು. ಸುಭಿಕ್ಷಕಾಲದಲ್ಲಿ ಹುಟ್ಟಿದ ಹೊಟ್ಟೆ, ಕ್ಷಾಮಕಾಲದಲ್ಲಿ ಬಾಳಬೇಕಾಯಿತು. ಈ ನೌಕೆಗಳ ಕಥೆಯೆಲ್ಲ ಇಷ್ಟೇ.

ಆದರೆ ತಪ್ಪೆಲ್ಲವೂ ಯಂತ್ರದ್ದೇ ಎಂದು ಹೇಳುವುದು ನ್ಯಾಯವಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಪೆಟ್ರೋಲು ಯಂತ್ರವು ಒಂದು ಅಶ್ವಶಕ್ತಿಯನ್ನು ಒಂದು ಗಂಟೆಯ ಕಾಲ ಕೊಡುವುದಕ್ಕೆ ಸುಮಾರು 0.3 ಲೀಟರನ್ನು ಉರಿಸುತ್ತದೆ. ಹಾಗಾದರೆ ಎಷ್ಟು ಅಶ್ವಶಕ್ತಿಯನ್ನು ನಾವು ಕೇಳುತ್ತೇವೆ ಎಂಬುದೇ ಮುಖ್ಯವಾದ ಪ್ರಶ್ನೆ. ಇದಕ್ಕೆ ದಾರಿ ತೋರಿಸಿದವರು ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ವಿದ್ವಾಂಸರು. 1870ರ ದಶಕದಲ್ಲಿ ಟಾರ್ಕಿ ಪಟ್ಟಣದ ಒಂದು ಉದ್ದನೆಯ ನೀರಿನ ತೊಟ್ಟಿಯಲ್ಲಿ ಮೇಣದ ಹಡಗುಗಳನ್ನು ಎಳೆಸಿ, ನೀರು ಒಡ್ಡುವ ತಡೆಯನ್ನು ಅವರು ಅಳೆದರು. ನೌಕೆಯು ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ. ನೀರಿನ ಮಟ್ಟದಲ್ಲಿ 26 ಅಡಿ ಉದ್ದವಿರುವ ನೌಕೆಗೆ ಈ ಎಲ್ಲೆಯು ಸುಮಾರು 7 ನಾಟಿನ ಹತ್ತಿರ ಬರುತ್ತದೆ. ನಾಟ್ ಎಂದರೆ ಗಂಟೆಗೆ ಒಂದು ಸಮುದ್ರ ಮೈಲಿ, ಅಂದರೆ 1,852 ಮೀಟರು. ಆ ಎಲ್ಲೆಯ ಒಳಗೆ ಇರುವವನಿಗೆ ನೀರು ಸುಲಭವಾಗಿ ದಾರಿಬಿಡುತ್ತದೆ. ಅದನ್ನು ಮೀರಹೊರಟವನು ತನ್ನ ಅಲೆಯನ್ನೇ ಬೆಟ್ಟದಂತೆ ಹತ್ತಬೇಕು. ಬೆಟ್ಟವನ್ನು ಹತ್ತಿ ಮುಗಿದ ಮೇಲೆ ನೌಕೆಯು ನೀರಿನ ಮೇಲೆ ಜಾರುತ್ತ ಓಡುವುದು ನಿಜ. ಆದರೆ ಅದಕ್ಕೆ ಎಡೆಬಿಡದೆ ಬಲವನ್ನು ಉಣಿಸುತ್ತಿರಬೇಕು.

ನಮ್ಮ ಮಿತ್ರರ ದಿನಚರಿ ಇದನ್ನೇ ಹೇಳುತ್ತಿತ್ತು. 18 ನಾಟಿನಲ್ಲಿ ಗಂಟೆಗೆ 60 ಲೀಟರು, ಅಂದರೆ ಮೈಲಿಗೆ 3.3 ಲೀಟರು. ಬೆಟ್ಟ ಹತ್ತುತ್ತಿರುವ 10 ನಾಟಿನಲ್ಲಿ ಗಂಟೆಗೆ 45 ಲೀಟರು, ಮೈಲಿಗೆ 4.5 ಲೀಟರು. ಎಲ್ಲೆಯೊಳಗಿನ 6 ನಾಟಿನಲ್ಲಿ ಗಂಟೆಗೆ 9 ಲೀಟರು, ಮೈಲಿಗೆ ಒಂದೂವರೆ ಲೀಟರು. ತಾವು ಗಮನಿಸಬೇಕು: ಅತಿವೇಗಕ್ಕೂ ಮೆಲ್ಲಡಿಗೂ ನಡುವೆ ಇರುವ ವೇಗವೇ ಎಲ್ಲಕ್ಕಿಂತ ದುಬಾರಿ. “ವೇಗವನ್ನು ಸ್ವಲ್ಪ ತಗ್ಗಿಸಿದೆ, ಉಳಿತಾಯವಾಯಿತು” ಎಂದುಕೊಳ್ಳುವವನು ಅನೇಕ ವೇಳೆ ಹೆಚ್ಚು ಖರ್ಚನ್ನೇ ಮಾಡಿರುತ್ತಾನೆ. ಮೂವತ್ತು ಮೈಲಿಯ ವಿಹಾರಕ್ಕೆ 18 ನಾಟಿನಲ್ಲಿ 100 ಲೀಟರು, 10 ನಾಟಿನಲ್ಲಿ 135 ಲೀಟರು, 6 ನಾಟಿನಲ್ಲಿ 45 ಲೀಟರು. ಹ್ಯಾಂಬಲ್ ನದಿಯೊಳಗಂತೂ 6 ನಾಟಿಗೆ ಮೀರಿ ಯಾರೂ ಹೋಗಕೂಡದೆಂದು ಕಟ್ಟಳೆಯೇ ಉಂಟು.

ಯಂತ್ರವನ್ನೇ ಬದಲಾಯಿಸಿ ಡೀಸೆಲ್ ಯಂತ್ರವನ್ನು ಹಾಕಿಸಬಹುದಲ್ಲ ಎಂದು ಅವರು ಕೇಳಿದರು. ಡೀಸೆಲ್ ಯಂತ್ರವು ಅದೇ ಕೆಲಸಕ್ಕೆ ಸುಮಾರು ಮೂರರಲ್ಲೊಂದು ಪಾಲು ಕಡಿಮೆ ಎಣ್ಣೆಯನ್ನು ಉರಿಸುತ್ತದೆ. ಆದರೆ 2008ರ ನವೆಂಬರಿನಿಂದ ಆ ದೇಶದಲ್ಲಿ ಖಾಸಗಿ ವಿಹಾರನೌಕೆಯನ್ನು ನಡೆಸುವ ಡೀಸೆಲ್ ಎಣ್ಣೆಗೂ ಪೂರ್ತಿ ಸುಂಕವನ್ನು ತೆರಬೇಕಾಗಿ ಬಂದಿತು. ಹಿಂದಿನ ರಿಯಾಯಿತಿ ಹೋಯಿತು. ಹೊಸ ಯಂತ್ರಗಳೆರಡಕ್ಕೂ ಕೂಲಿಗೂ 30,000 ಪೌಂಡು ಹಿಡಿಯುವುದೆಂದು ಭಾವಿಸೋಣ. ವರ್ಷಕ್ಕೆ 1,000 ಲೀಟರು, ಅಂದರೆ 1,500 ಪೌಂಡು ಉಳಿದರೆ, ಹಾಕಿದ ಹಣ ಹಿಂದಿರುಗುವುದಕ್ಕೆ 20 ವರ್ಷ ಬೇಕು. ನಮ್ಮ ಮಿತ್ರರಿಗೆ ಆಗ 71 ವರ್ಷ. ವರ್ಷಪೂರ್ತಿ ನೌಕೆ ನಡೆಸುವವನಿಗೆ ಡೀಸೆಲ್ ಲಾಭ. ವರ್ಷಕ್ಕೆ ಐವತ್ತು ಗಂಟೆ ನಡೆಸುವವನಿಗೆ ಮೆಲ್ಲಗೆ ಹೋಗುವುದೇ ಲಾಭ. ಇದನ್ನು ತಿಳಿದ ಮೇಲೆ ಅವರ ಮುಖ ಸ್ವಲ್ಪ ಅರಳಿತು.

ಇಲ್ಲಿಯವರೆಗೆ ನಮ್ಮ ಲೆಕ್ಕ ಸರಿಯಾಗಿತ್ತು. ಇನ್ನು ತಪ್ಪಿನ ವಿಷಯ. ಮೂರನೆಯ ದಿನ ಅವರೂ ಮೊಮ್ಮಗನೂ ನಾವೂ ವೈಟ್ ದ್ವೀಪದ ಯಾರ್ಮತ್ ಬಂದರಿಗೆ ಹೊರಟೆವು. ಹೋಗಲು 15 ಮೈಲಿ, ಬರಲು 15 ಮೈಲಿ. “45 ಲೀಟರು ಸಾಕು, 60 ಇದ್ದರೆ ಧಾರಾಳ. ಸುಮ್ಮನೆ ಭಾರವನ್ನೇಕೆ ಹೊರಬೇಕು?” ಎಂದು ಹೇಳಿದವರು ನಾವೇ. ಬೆಳಗ್ಗೆ ಇಳಿತದ ನೀರು ಪಡುವಣಕ್ಕೆ ಹರಿಯುತ್ತಿತ್ತು. ಅದು ನಮ್ಮನ್ನು ಕರೆದೊಯ್ಯಿತು. ನೌಕೆಯ 6 ನಾಟಿಗೆ ಸೆಳೆತದ 3 ನಾಟ್ ಕೂಡಿ 9 ನಾಟಾಯಿತು. ಒಂದು ಗಂಟೆ ನಲವತ್ತು ನಿಮಿಷದಲ್ಲಿ, 15 ಲೀಟರಿನಲ್ಲಿ, ಯಾರ್ಮತ್ ತಲಪಿದೆವು. ನಮ್ಮ ಲೆಕ್ಕಕ್ಕಿಂತ ಖರ್ಚು ಕಡಿಮೆಯಾದುದನ್ನು ಕಂಡು ನಾವು ಹಿಗ್ಗಿದೆವು; ಕಾರಣವನ್ನು ಯೋಚಿಸಲಿಲ್ಲ.

ಊಟವನ್ನು ಬೇಗನೆ ಮುಗಿಸಿ, ಇಳಿತವು ಇನ್ನೂ ಹರಿಯುತ್ತಿರುವಾಗಲೇ ಹಿಂದಕ್ಕೆ ಹೊರಟೆವು. ಯಂತ್ರಗಳು ಎಂದಿನಂತೆ ಮೊರೆಯುತ್ತಿದ್ದವು. ದಡದ ಮರಗಳು ಮಾತ್ರ ಕದಲಲೊಲ್ಲವು. ಒಂದು ಗಂಟೆಗೂ ಮೇಲೆ ನಡೆದಾಗ ಸಾಗಿದ್ದು 4 ಮೈಲಿ. ಮೊಮ್ಮಗನು ನಕ್ಷೆಯ ಮೇಲೆ ಬೆರಳಿಟ್ಟು, “ತಾತ, ಹೀಗೇ ಹೋದರೆ ಎಷ್ಟು ಹೊತ್ತು?” ಎಂದು ಕೇಳಿದನು. ಆಗ ನಮಗೆ ಎಚ್ಚರವಾಯಿತು. 6ರಲ್ಲಿ 3 ಕಳೆದರೆ 3. ಹದಿನೈದು ಮೈಲಿಗೆ 5 ಗಂಟೆ. ಗಂಟೆಗೆ 9 ಲೀಟರಿನಂತೆ 45 ಲೀಟರು. ಯಾರ್ಮತ್ ಬಿಟ್ಟಾಗ ತೊಟ್ಟಿಯಲ್ಲಿ ಇದ್ದದ್ದೂ 45 ಲೀಟರೇ! ಅದರಲ್ಲಿಯೂ ತಳದ ಕೆಲವು ಲೀಟರು ಕೊಳವೆಗೆ ಎಟಕುವುದಿಲ್ಲ. ಸೌತಾಂಪ್ಟನ್ನಿಗೆ ಹೋಗುವ ದೊಡ್ಡ ದೊಡ್ಡ ಸರಕಿನ ಹಡಗುಗಳು ತಿರುಗುವ ದಾರಿಯಲ್ಲಿಯೇ ನಮ್ಮ ಯಂತ್ರ ನಿಂತುಹೋಗುವ ಸಂಭವವಿತ್ತು. ಯಂತ್ರ ನಿಂತ ನೌಕೆಗೆ ಚುಕ್ಕಾಣಿಯೂ ಇಲ್ಲ. ಒಬ್ಬ ಹುಡುಗನನ್ನು ಕೂಡಿಸಿಕೊಂಡು, ಇಪ್ಪತ್ತು ಮೂವತ್ತು ಪೌಂಡಿನ ಪೆಟ್ರೋಲನ್ನು ಉಳಿಸಹೊರಟ ವಿದ್ವಾಂಸರು ನಾವು!

ಮಿತ್ರರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ನ್ಯೂಟೌನ್ ನದಿಯ ಮುಖದ ಸಮೀಪದಲ್ಲಿ ಆಳ ಕಡಿಮೆಯಿರುವ ಕಡೆ ನೌಕೆಯನ್ನು ಸರಿಸಿ ಲಂಗರು ಬಿಟ್ಟರು. ಚಹಾ ಕಾಯಿಸಿ ಕುಡಿದೆವು. ಮೂರು ಗಂಟೆಯ ಕಾಲ ಹುಡುಗನು ಮಾತನಾಡಿದನು, ತಾತನು ಕೇಳಿದನು. ಸಾಯಂಕಾಲ ಉಬ್ಬರವು ಮೂಡಣಕ್ಕೆ ತಿರುಗಿತು. ಉಳಿದ 11 ಮೈಲಿಗಳನ್ನು ಅದು ನಮ್ಮನ್ನು ಬೆನ್ನು ತಟ್ಟಿ ನಡೆಸಿದಂತೆ ನಡೆಸಿತು. ನದಿಯನ್ನು ಸೇರಿ ಅಳೆದು ನೋಡಿದಾಗ ತೊಟ್ಟಿಯಲ್ಲಿ ಇಪ್ಪತ್ತು ಲೀಟರಿಗೆ ಮೇಲ್ಪಟ್ಟು ಇತ್ತು. ಸೆಳೆತವು ದಾರಿಯುದ್ದಕ್ಕೂ ಒಂದೇ ಸಮನಾಗಿ ಇರುವುದಿಲ್ಲ, ಪ್ರತಿದಿನವೂ ಒಂದೇ ಆಗಿರುವುದಿಲ್ಲ. ಆದರೂ ನಿಯಮ ಸ್ಪಷ್ಟ: ಅದೇ ದಾರಿಗೆ, ಅದೇ ಯಂತ್ರಕ್ಕೆ, ನೀರಿನ ಜೊತೆಯಲ್ಲಿ ಹೋದರೆ 15 ಲೀಟರು, ಎದುರಾಗಿ ಹೋದರೆ 45 ಲೀಟರು. ಉಬ್ಬರವಿಳಿತದ ಪಟ್ಟಿಯನ್ನು ನೋಡಿ ಹೊರಡುವುದಕ್ಕೆ ಯಾವ ಸರ್ಕಾರವೂ ಸುಂಕ ಹಾಕಿಲ್ಲ.

ಆ ರಾತ್ರಿ ದಿನಚರಿಯ ಹಿಂದಿನ ಹಾಳೆಯಲ್ಲಿ ಹುಡುಗನ ಕೈಯಿಂದಲೇ ಕೆಲವು ಮಾತುಗಳನ್ನು ಬರೆಯಿಸಿದೆವು. ಹೋಗಲು ಮೂರರಲ್ಲೊಂದು ಪಾಲು, ಬರಲು ಮೂರರಲ್ಲೊಂದು ಪಾಲು, ಆಪತ್ತಿಗೆ ಮೂರರಲ್ಲೊಂದು ಪಾಲು ಪೆಟ್ರೋಲು ಇರತಕ್ಕದ್ದು. ತಳದಲ್ಲಿ ಬೆಳೆಯುವ ಪಾಚಿಯನ್ನೂ ಚಿಪ್ಪನ್ನೂ ವರ್ಷಕ್ಕೊಮ್ಮೆ ಕೆರೆದು ತೆಗೆಯತಕ್ಕದ್ದು. ಅವು ಕಾಣದ ಕಳ್ಳರು. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಸಾಧಾರಣ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೆ ಎಥನಾಲ್ ಸೇರಿರುವುದರಿಂದ, ಅದು ತೇವವನ್ನು ಹೀರುವುದರಿಂದಲೂ ಹಳೆಯ ರಬ್ಬರು ಕೊಳವೆಗಳನ್ನು ಕೆಡಿಸುವುದರಿಂದಲೂ, ಕೊಳವೆಗಳನ್ನು ಹೊಸದಾಗಿ ಹಾಕಿಸತಕ್ಕದ್ದು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರ. ಅದು ನೌಕೆಯ ತಳದಲ್ಲಿ ಕುಳಿತು ಒಂದು ಕಿಡಿಗಾಗಿ ಕಾದಿರುತ್ತದೆ. ಆದುದರಿಂದ ಯಂತ್ರವನ್ನು ಹೊರಡಿಸುವುದಕ್ಕೆ ಮುಂಚೆ ಕೆಲವು ನಿಮಿಷ ಬೀಸಣಿಗೆಯನ್ನು ತಿರುಗಿಸಿ, ಮೂಸಿ ನೋಡತಕ್ಕದ್ದು. ಈ ಕೊನೆಯ ಎರಡರಲ್ಲಿ ಜಿಪುಣತನ ಮಾಡುವವನು ಉಳಿಸುವುದು ಹಣವನ್ನಲ್ಲ.

2024ರ ಕೊನೆಯಲ್ಲಿ ನಮಗೆ ಒಂದು ಕಾಗದ ಬಂದಿತು. ನೌಕೆಯನ್ನು ಮಾರಲಿಲ್ಲ. ಆ ವರ್ಷ ನಡೆದದ್ದು 70 ಗಂಟೆ, ಹಿಂದಿಗಿಂತ ಇಪ್ಪತ್ತು ಗಂಟೆ ಹೆಚ್ಚು. ಉರಿದದ್ದು ಸುಮಾರು 700 ಲೀಟರು. ಮೂರು ಸಾವಿರ ಲೀಟರಿಗೆ ಓಡಿದಾಗ ತಲಪುತ್ತಿದ್ದ ಎಷ್ಟೋ ಊರುಗಳನ್ನು ಈಗ ತಲಪಲಾಗುವುದಿಲ್ಲವೆಂದೂ, ದೂರದ ಬಂದರುಗಳ ಆಸೆಯನ್ನು ಬಿಟ್ಟಿರುವುದಾಗಿಯೂ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದರು. ವೇಗವೇ ಬೇಕೆನ್ನುವವನಿಗೆ ನಮ್ಮ ಲೆಕ್ಕದಿಂದ ಪ್ರಯೋಜನವಿಲ್ಲ. ಅವನು ಹಣ ತೆರಬೇಕು, ಇಲ್ಲವೇ ನೌಕೆಯನ್ನು ಬಿಡಬೇಕು. ಕಾಗದದ ಕೆಳಗೆ ಹುಡುಗನು ತನ್ನ ಕೈಯಿಂದ ಒಂದು ಸಾಲು ಸೇರಿಸಿದ್ದನು: ಈಗ ಉಬ್ಬರವಿಳಿತದ ಪಟ್ಟಿಯನ್ನು ನೋಡುವವನು ತಾನಂತೆ, ತಾತ ಕೇಳಿಕೊಂಡು ಹೊರಡುತ್ತಾರಂತೆ.