ಮಕ್ಕಳ ಉಬ್ಬಸ ಮತ್ತು ಕುಟುಂಬದ ಆದಾಯ

(ಗ್ರಾಮ ಪಂಚಾಯತಿ ಸದಸ್ಯರ ಕಾರ್ಯಾಗಾರದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣ)



ಉಬ್ಬಸ ವೈದ್ಯರ ವಿಷಯ, ಅದರಲ್ಲಿ ಪಂಚಾಯತಿಗೇನು ಕೆಲಸ ಎಂದು ತಮಗೆ ಅನ್ನಿಸಬಹುದು. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞರಾದ ಡಾ. ಎಚ್. ಪರಮೇಶ್ ಅವರು 12 ಶಾಲೆಗಳ 6,550 ಮಕ್ಕಳ ಸಮೀಕ್ಷೆ ನಡೆಸಿ, 2002ರಲ್ಲಿ ಪ್ರಕಟಿಸಿದರು. ವಾಹನ ದಟ್ಟಣೆ ಕಡಿಮೆಯಿದ್ದ ಕಡೆ ಶೇ. 11.15ರಷ್ಟು ಮಕ್ಕಳಲ್ಲಿ ಉಬ್ಬಸವಿತ್ತು. ದಟ್ಟಣೆ ಹೆಚ್ಚಿದ್ದ ಕಡೆ ಶೇ. 19.34. ಅಂತಹದೇ ದಟ್ಟಣೆಯ ಪ್ರದೇಶದಲ್ಲಿ, ಬಡ ಕುಟುಂಬಗಳ ಮಕ್ಕಳು ಓದುವ ಶಾಲೆಗಳಲ್ಲಿ ಶೇ. 31.14! ರಸ್ತೆಯ ಹೊಗೆ ಇಬ್ಬರಿಗೂ ಇತ್ತು. ಉಳಿದ ವ್ಯತ್ಯಾಸವನ್ನು ಬದುಕಿನ ಸ್ಥಿತಿಗತಿಯಲ್ಲಿಯೇ ಹುಡುಕಬೇಕಾಗುತ್ತದೆ.

ಗ್ರಾಮೀಣ ಭಾಗದಲ್ಲಿ ಅವರಿಗೆ ಕಂಡದ್ದು ಶೇ. 5.7. ಹಾಗೆಂದು ನಿಶ್ಚಿಂತರಾಗುವಂತಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆ ಮಾಡುವ ಕೋಣೆಯೇ ಮಗು ಮಲಗುವ ಕೋಣೆ. 2016ರಿಂದ ಉಜ್ವಲಾ ಯೋಜನೆಯಡಿ ಅನಿಲ ಸಂಪರ್ಕ ಬಂದಿತು, ನಿಜ. ಆದರೆ ಸಿಲಿಂಡರಿನ ಹಣವನ್ನು ಒಂದೇ ಬಾರಿಗೆ ಹೊಂದಿಸಬೇಕು. ಕಟ್ಟಿಗೆಯಾದರೋ ಹೊಲದ ಬದುವಿನಲ್ಲೇ ಸಿಗುತ್ತದೆ. ಹೀಗಾಗಿ ನೆಂಟರು ಬಂದಾಗ ಗ್ಯಾಸು, ಉಳಿದ ದಿನ ಒಲೆ. ಇದಕ್ಕೆ ತಾಯಂದಿರ ಅಜ್ಞಾನವೇ ಕಾರಣವೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ.

ಔಷಧಿಯದೂ ಇದೇ ಕಥೆ. ಉಸಿರುನಾಳದ ಊತ ತಗ್ಗಿಸುವ ಇನ್ಹೇಲರನ್ನು, ವೈದ್ಯರು ಹೇಳಿದಷ್ಟು ಕಾಲ, ಮಗು ಆರಾಮವಾಗಿರುವಾಗಲೂ ನಿತ್ಯ ಕೊಡಬೇಕು. ಕೂಲಿಯ ಮನೆಯಲ್ಲಿ ಮಗು ಆಡತೊಡಗಿದೊಡನೆ ಆ ಖರ್ಚು ನಿಲ್ಲುತ್ತದೆ. ಮುಂದೊಂದು ರಾತ್ರಿ ಉಸಿರು ಕಟ್ಟಿದಾಗ ಆಟೋ ಬಾಡಿಗೆ, ಆಸ್ಪತ್ರೆ, ಎರಡು ದಿನದ ಕೂಲಿ ನಷ್ಟ. ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಹೆಣ್ಣುಮಗುವಾದರೆ, ಮುಂದೆ ಮದುವೆಗೆ ತೊಡಕಾದೀತೆಂದು ಕಾಯಿಲೆಯನ್ನೇ ಮುಚ್ಚಿಡುವವರೂ ಇದ್ದಾರೆ.

ಎಂಜಿನಿಯರಿಂಗ್ ಓದಿದವನಾದ್ದರಿಂದ ನನ್ನ ಗಮನ ಮೊದಲು ಗೋಡೆಯ ಮೇಲೆ ಹೋಗುತ್ತದೆ. ವಸತಿ ಯೋಜನೆಯ ಮನೆಗೆ ಬುನಾದಿ ಹಾಕುವಾಗಲೇ ಅಡುಗೆಯ ಮೂಲೆಗೆ ಎದುರುಬದುರು ಕಿಟಕಿ, ಮೇಲೊಂದು ಗವಾಕ್ಷಿ ಇರುವಂತೆ ಫಲಾನುಭವಿಗೆ ತಿಳಿಸಲು ಹೆಚ್ಚು ವೆಚ್ಚವಿಲ್ಲ. ಕಟ್ಟಿಗೆ ಬಿಡಲಾಗದ ಮನೆಗೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂತೆ ಹೊಗೆಕೊಳವೆಯುಳ್ಳ ಒಲೆಯಾದರೂ ಬೇಕು. ಶಾಲೆಯ ಹಿಂದೆ ಕಸ ಸುಡುವುದನ್ನಂತೂ ನಾವೇ ನಿಲ್ಲಿಸಬಹುದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಪರೀಕ್ಷಿಸುವ ಕಾಯಿಲೆಗಳಲ್ಲಿ ಉಬ್ಬಸವೂ ಸೇರಿದೆ. ತಂಡ ಬರುವ ದಿನವೇ ಕೆಮ್ಮುವ ಮಗು ಮನೆಯಲ್ಲಿ ಉಳಿದುಬಿಡುತ್ತದೆ. ಆ ದಿನಾಂಕವನ್ನು ಮುಂಚಿತವಾಗಿ ಪಡೆದು, ತಮ್ಮ ವಾರ್ಡಿನ ಅಂತಹ ಮಕ್ಕಳನ್ನು ಆಶಾ ಕಾರ್ಯಕರ್ತೆಯರೊಡನೆ ಅಲ್ಲಿಗೆ ಕರೆತರಿಸಬೇಕೆಂದು ವಿನಂತಿಸುತ್ತೇನೆ.