ಓದಿನ ಜೊತೆಗೆ ಶಿಷ್ಯವೇತನ: ಪದವಿಯ ಹೊಸ ಹಾದಿ ಮತ್ತು ಗ್ರಾಮ ಪಂಚಾಯತಿಯ ಹೊಣೆ



ದ್ವಿತೀಯ ಪಿಯುಸಿ ತೇರ್ಗಡೆಯಾದ ಗ್ರಾಮೀಣ ಮಕ್ಕಳಲ್ಲಿ ಹಲವರು ಪದವಿ ಕಾಲೇಜಿನ ಮೆಟ್ಟಿಲು ಹತ್ತುವುದಿಲ್ಲ. ಇದಕ್ಕೆ ಶುಲ್ಕವೊಂದೇ ಕಾರಣವಲ್ಲ. ಮೂರು ವರ್ಷ ಮನೆಗೆ ಒಂದು ಜೀವದ ದುಡಿಮೆ ತಪ್ಪುತ್ತದೆ ಎಂಬ ಲೆಕ್ಕವೂ ಕಾರಣ. ಕೂಲಿಯನ್ನೇ ನಂಬಿದ ಕುಟುಂಬದ ಈ ಲೆಕ್ಕವನ್ನು ತಪ್ಪೆನ್ನಲಾಗದು.

ವಿಶ್ವವಿದ್ಯಾಲಯಗಳೂ ಉದ್ಯೋಗದಾತರೂ ಕೈಜೋಡಿಸಿದಲ್ಲಿ ಈ ಲೆಕ್ಕ ಬದಲಾಗುತ್ತದೆ. ಉದ್ಯೋಗದಲ್ಲಿರುವವರು ಕೆಲಸ ಬಿಡದೆ ಪದವಿ ಪಡೆಯುವ ವ್ಯವಸ್ಥೆಯನ್ನು ಪಿಲಾನಿಯ ಬಿಟ್ಸ್ ಸಂಸ್ಥೆಯು 1979ರಲ್ಲಿಯೇ ಆರಂಭಿಸಿತು. ಸಾಮಾನ್ಯ ಪದವಿಗಳಲ್ಲಿಯೂ ಶಿಶಿಕ್ಷು, ಅಂದರೆ ಅಪ್ರೆಂಟಿಸ್ ತರಬೇತಿಯನ್ನು ಅಳವಡಿಸಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2020ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರಂತೆ ಕನಿಷ್ಠ ಒಂದು ಸೆಮಿಸ್ಟರ್ ಅವಧಿಯ ತರಬೇತಿಯು ಪದವಿಯ ಭಾಗವೇ ಆಗಿದ್ದು, ಒಟ್ಟು ಕ್ರೆಡಿಟ್‌ಗಳಲ್ಲಿ ಕನಿಷ್ಠ ಶೇ 20ರಷ್ಟು ಅದಕ್ಕೆ ಮೀಸಲು. ಕರ್ನಾಟಕದ ಆಯ್ದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿಯೂ ಇಂತಹ ಪದವಿಗಳು ಆರಂಭವಾಗಿವೆ. ಪದವಿ ಶಿಶಿಕ್ಷುಗಳಿಗೆ 2019ರ ತಿದ್ದುಪಡಿ ನಿಯಮಗಳು ತಿಂಗಳಿಗೆ ಕನಿಷ್ಠ 9,000 ರೂಪಾಯಿ ಶಿಷ್ಯವೇತನ ನಿಗದಿಪಡಿಸಿದವು.

ಆದರೆ ಎಚ್ಚರವೂ ಅಗತ್ಯ. 1961ರ ಶಿಶಿಕ್ಷು ಅಧಿನಿಯಮದ ಪ್ರಕಾರ ಶಿಶಿಕ್ಷುವು ತರಬೇತಿ ಪಡೆಯುವವರೇ ಹೊರತು ಕಾರ್ಮಿಕರಲ್ಲ. ಒಪ್ಪಂದದಲ್ಲಿ ನಮೂದಿಸಿರದಿದ್ದರೆ, ತರಬೇತಿಯ ನಂತರ ಉದ್ಯೋಗ ನೀಡುವ ಬಾಧ್ಯತೆ ಉದ್ಯೋಗದಾತರಿಗಿಲ್ಲ. ಆದುದರಿಂದ ಪ್ರವೇಶಕ್ಕೆ ಮುನ್ನ ಪೋಷಕರು ಮೂರು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು: ಪದವಿಗೆ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ? ಶಿಶಿಕ್ಷು ಒಪ್ಪಂದವು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿಯಾಗುವುದೇ? ಶಿಷ್ಯವೇತನವು ವಿದ್ಯಾರ್ಥಿಯ ಬ್ಯಾಂಕ್ ಖಾತೆಗೇ ಜಮೆಯಾಗುವುದೇ? ಇವನ್ನು ವಿಚಾರಿಸದೆ ಮಧ್ಯವರ್ತಿಯ ಮಾತು ನಂಬಿ ಹೋದ ಮಗುವಿಗೆ ಅತ್ತ ಪದವಿಯೂ ಇಲ್ಲ, ಇತ್ತ ದುಡಿಮೆಯೂ ಇಲ್ಲ ಎಂಬ ಸ್ಥಿತಿ ಒದಗಬಹುದು.

ತರಬೇತಿಯ ಸ್ಥಳವೂ ಮುಖ್ಯ. ದೂರದ ನಗರದಲ್ಲಿ ಬಾಡಿಗೆ, ಊಟಗಳಿಗೆ ಶಿಷ್ಯವೇತನವೆಲ್ಲ ಕರಗಿದರೆ ಮನೆಗೆ ಉಳಿಯುವುದೇನು? ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳುಹಿಸಲು ಪೋಷಕರು ಹಿಂಜರಿಯುವುದೂ ಉಂಟು. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕೆಂಬ ನಿಯಮವಿದೆ. ಸುತ್ತಮುತ್ತಲಿನ ಸಕ್ಕರೆ ಕಾರ್ಖಾನೆ, ಗಾರ್ಮೆಂಟ್ಸ್, ಆಸ್ಪತ್ರೆಗಳಲ್ಲಿ ಇಂತಹವು ಯಾವುವೆಂದು ಪಟ್ಟಿ ಮಾಡಿ, ಸಮೀಪದ ಕಾಲೇಜಿನ ಪ್ರಾಂಶುಪಾಲರಿಗೆ ತಲುಪಿಸುವುದು ಪಂಚಾಯತಿಯ ಕೈಲಾಗುವ ಕೆಲಸ.

ಪಿಯುಸಿ ಫಲಿತಾಂಶ ಬಂದ ವಾರದಲ್ಲಿಯೇ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯು ತೇರ್ಗಡೆಯಾದವರ ಪಟ್ಟಿ ಪಡೆದು, ಪೋಷಕರನ್ನು ಅರಿವು ಕೇಂದ್ರಕ್ಕೆ ಕರೆಸಿ ಈ ವಿಷಯ ತಿಳಿಸುವಂತಾಗಲಿ. ಪ್ರವೇಶದ ಕೊನೆಯ ದಿನ ಕಳೆದ ಮೇಲೆ ತಲುಪುವ ಮಾಹಿತಿಯಿಂದ ಆ ಮನೆಗೆ ಪ್ರಯೋಜನವಿಲ್ಲ. ಓದು ಬಿಟ್ಟು ಕೂಲಿಗೆ ಹೊರಟ ಮಗುವಿನ ಮನೆ ಯಾವುದೆಂದು ವಾರ್ಡಿನ ಸದಸ್ಯರಿಗೆ ಗೊತ್ತಿರುತ್ತದೆ. ಆ ಮನೆಗೆ ಮೊದಲು ಹೋಗಬೇಕಾದವರೂ ಅವರೇ.