ತಿಳಿನೀರೆಲ್ಲ ಕುಡಿನೀರಲ್ಲ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಇಚಲಕರಂಜಿಯಲ್ಲಿ ನೀಡಿದ ಉಪನ್ಯಾಸ)



ಇಂತಹ ವೇದಿಕೆಯಲ್ಲಿ ಹಳೆಯ ನೆನಪುಗಳನ್ನು ಹೇಳುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ಇಲ್ಲಿ ಅನೇಕರಿದ್ದಾರೆ. ನಾನು ನೀರಿನ ವಿಷಯವನ್ನು ಆರಿಸಿಕೊಂಡಿದ್ದೇನೆ. ಆಟದಿಂದ ದಣಿದು ಬಂದ ಮಗು ಬೊಗಸೆಯೊಡ್ಡಿ ಕುಡಿಯುವ ನೀರು ಎಂತಹುದು, ಅದನ್ನು ಅರಿಯುವ ಬಗೆ ಯಾವುದು ಎಂಬುದಷ್ಟೇ ಇಂದಿನ ಮಾತು.

ನಮ್ಮ ಹಿರಿಯರಿಗೆ ನೀರಿನ ಪರೀಕ್ಷೆ ತಿಳಿದಿರಲಿಲ್ಲವೆಂದು ಭಾವಿಸಬಾರದು. ಬೇಳೆ ಬೇಯದಿದ್ದರೆ, ಸಾಬೂನು ನೊರೆಗಟ್ಟದಿದ್ದರೆ ಅದು ಗಡಸು ನೀರು. ನಾಲಿಗೆಗೆ ಒಗರು ಉಪ್ಪು ತಾಗಿದರೆ ಸವಳು ನೀರು. ಈ ಪರೀಕ್ಷೆಗಳು ಸುಳ್ಳಲ್ಲ. ಗಡಹಿಂಗ್ಲಜದ ಹಿರಣ್ಯಕೇಶಿ ಹುಟ್ಟುವುದು ಅಂಬೋಲಿಯ ಜಂಬಿಟ್ಟಿಗೆಯ ಗುಡ್ಡಗಳಲ್ಲಿ. ಅಂತಹ ನೆಲದಿಂದ ಬಸಿದು ಬರುವ ನೀರಿನಲ್ಲಿ ಲವಣಗಳು ಕಡಿಮೆ. ಇತ್ತ ಶಿರೋಳ ತಾಲೂಕಿನ ಎರೆನೆಲದಲ್ಲಿ ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿ ಹೊಲಗಳೇ ಸವಳಾದವು; ಬಾವಿಗಳು ಸಿಹಿಯಾಗಿ ಉಳಿಯುವುದೆಂತು? ಒಬ್ಬ ಅಜ್ಜಿ ಒಂದು ಗುಟುಕಿನಲ್ಲಿ ಈ ವ್ಯತ್ಯಾಸವನ್ನು ಹೇಳಬಲ್ಲಳು.

ಆದರೆ ಅಜ್ಜಿಯ ನಾಲಿಗೆಗೂ ದೊರೆಯದ ವಸ್ತುಗಳಿವೆ. ಹೊಲಕ್ಕೆ ಚೆಲ್ಲಿದ ಯೂರಿಯಾದಿಂದಲೂ ಶೌಚಗುಂಡಿಯಿಂದಲೂ ಬಾವಿಗಿಳಿಯುವ ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ವಿಧಿಸಿದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಮೀರಿದ ನೀರು ಎಳೆಗೂಸಿನ ರಕ್ತಕ್ಕೆ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸಬಹುದು. ತಾಯಂದಿರು ಒಂದು ಮಾತನ್ನು ಗಮನಿಸಬೇಕು: ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ಇನ್ನು ರೋಗಾಣುಗಳು. 2012ರ ಬೇಸಿಗೆಯಲ್ಲಿ ನಮ್ಮ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿದ್ದನ್ನು ಇಲ್ಲಿ ಕುಳಿತ ಪಾಲಕರು ಮರೆತಿರಲಾರರು. ಸಾವಿರಾರು ಜನ ಹಾಸಿಗೆ ಹಿಡಿದರು, ಸಾವುಗಳೂ ಸಂಭವಿಸಿದವು. ಹೆಪಟೈಟಿಸ್-ಇ ವೈರಾಣುವಿನ ಆ ಕಾಯಿಲೆ ಗರ್ಭಿಣಿಯರಿಗೆ ವಿಶೇಷವಾಗಿ ಘಾತಕ. ಅದು ದೇಹವನ್ನು ಸೇರಿ ಲಕ್ಷಣ ತೋರಿಸಲು ಎರಡರಿಂದ ಹತ್ತು ವಾರ ಬೇಕು. ಕಣ್ಣು ಹಳದಿಯಾದ ದಿನ ನಾವು ನಲ್ಲಿಯ ನೀರನ್ನು ಹಿಡಿದು ಪರೀಕ್ಷೆಗೆ ಓಡುತ್ತೇವೆ. ರೋಗ ತಂದ ನೀರು ಅಷ್ಟರಲ್ಲಿ ನರಸೋಬಾವಾಡಿಯ ಸಂಗಮವನ್ನು ದಾಟಿ ಎಷ್ಟೋ ದಿನಗಳಾಗಿರುತ್ತವೆ. ರೋಗ ಬಂದ ಮೇಲಿನ ಪರೀಕ್ಷೆ ಮರಣೋತ್ತರ ಪರೀಕ್ಷೆಯಂತೆಯೇ ಸರಿ.

ಆದ್ದರಿಂದ ನೀರನ್ನು ಒಮ್ಮೆ ಪರೀಕ್ಷಿಸಿ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕುವುದರಲ್ಲಿ ನನಗೆ ನಂಬಿಕೆಯಿಲ್ಲ. ಪಂಚಗಂಗೆಯನ್ನೇ ನೋಡಿ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿಗಳ ಜೊತೆಗೆ ಗುಪ್ತಗಾಮಿನಿ ಸರಸ್ವತಿಯನ್ನೂ ಎಣಿಸಿ ನಾವು ಅದನ್ನು ಪಂಚಗಂಗೆ ಎನ್ನುತ್ತೇವೆ. ಕೊಲ್ಹಾಪುರದಲ್ಲಿ ಜಯಂತಿ ನಾಲೆ ಸೇರಿದ ಬಳಿಕ ಆರನೆಯದೊಂದನ್ನು ಎಣಿಸಬೇಕಾಗಿದೆ, ಅದು ಗುಪ್ತವಾಗಿಯೂ ಇಲ್ಲ! ಶ್ರಾವಣದಲ್ಲಿ ಈ ನದಿ ಕೆಂಪಗೆ ಕದಡಿ ಹರಿಯುತ್ತದೆ. ಆದರೂ ಅದರಲ್ಲಿ ಕರಗಿದ ಆಮ್ಲಜನಕ ಸಾಕಷ್ಟಿರಬಹುದು. ಮಳೆಗಾಲ ಮುಗಿದು ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಕೊಲ್ಹಾಪುರ ಪದ್ಧತಿಯ ಬಂಧಾರಗಳಿಗೆ ಹಲಗೆ ಇಳಿಸಿದ ಮೇಲೆ ನೀರು ನಿಲ್ಲುತ್ತದೆ, ಮೇಲ್ನೋಟಕ್ಕೆ ತಿಳಿಯಾಗುತ್ತದೆ. ಬೇಸಿಗೆಯ ಕಾವಿನಲ್ಲಿ ಕೊಳಚೆ ಕೊಳೆಯುತ್ತ ಅದೇ ಆಮ್ಲಜನಕವನ್ನು ನುಂಗುತ್ತದೆ. ತೇರವಾಡ ಬಂಧಾರದಲ್ಲಿ ಸತ್ತ ಮೀನುಗಳು ರಾಶಿರಾಶಿಯಾಗಿ ತೇಲಿದ ಸುದ್ದಿಯನ್ನು ನಾವು ಓದುತ್ತಲೇ ಬಂದಿದ್ದೇವೆ. ಸ್ನಾನಕ್ಕೆ ಯೋಗ್ಯವೆನ್ನಲು ಲೀಟರ್ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕವಿರಬೇಕು, ಜೈವಿಕ ಆಮ್ಲಜನಕ ಬೇಡಿಕೆ 3 ಮಿಲಿಗ್ರಾಂ ಮೀರಬಾರದು. ಒಂದೇ ಸ್ಥಳ, ಒಂದೇ ನದಿ. ಆದರೆ ಆಗಸ್ಟಿನ ಅಂಕಿ ಏಪ್ರಿಲಿಗೆ ಸಾಕ್ಷಿಯಾಗದು. 2019 ಮತ್ತು 2021ರ ಮಹಾಪೂರದಲ್ಲಿ ಮುಳುಗಿ ಎದ್ದ ಬಾವಿಗಳ ವಿಷಯದಲ್ಲಂತೂ ಹಳೆಯ ವರದಿಗಳೆಲ್ಲ ನಿರರ್ಥಕವಾಗಿದ್ದವು.

ನಮ್ಮ ರಾಜ್ಯದಲ್ಲಿ ಮಳೆಗಾಲದ ಮೊದಲೊಮ್ಮೆ, ಅನಂತರವೊಮ್ಮೆ ಊರಿನ ಜಲಮೂಲಗಳ ಸುತ್ತಲಿನ ನೈರ್ಮಲ್ಯವನ್ನು ಪರಿಶೀಲಿಸಿ ಗ್ರಾಮ ಪಂಚಾಯತಿಗೆ ಕೆಂಪು, ಹಳದಿ ಅಥವಾ ಹಸಿರು ಕಾರ್ಡು ಕೊಡುವ ಪದ್ಧತಿಯಿದೆ. ಒಳ್ಳೆಯ ಪದ್ಧತಿ. ತಮ್ಮ ಊರಿನ ಕಾರ್ಡಿನ ಬಣ್ಣ ಯಾವುದೆಂದು ಬಲ್ಲವರು ಈ ಸಭೆಯಲ್ಲಿ ಕೈ ಎತ್ತಿರಿ ಎಂದು ಕೇಳುವ ಧೈರ್ಯ ನನಗಿಲ್ಲ.

ಶಾಲೆಯೊಂದು ಮಾಡಬಹುದಾದದ್ದು ಬಹಳವಿದೆ. ಕ್ಲೋರಿನ್ ಹಾಕಿದ ನೀರು ನಲ್ಲಿಗೆ ಬರುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಓ.ಟಿ. ದ್ರಾವಣದ ಕೆಲವು ಹನಿಗಳಿಂದ ಮೂಡುವ ಹಳದಿ ಬಣ್ಣ ಅದನ್ನು ತೋರಿಸುತ್ತದೆ. ಆ ದ್ರಾವಣ ವಿಷಕಾರಿ. ಶಿಕ್ಷಕರೇ ಹಾಕಬೇಕು, ಮಕ್ಕಳು ನೋಡಿ ಬರೆದುಕೊಳ್ಳಬೇಕು. ಹೈಡ್ರೋಜನ್ ಸಲ್ಫೈಡ್ ಬಾಟಲಿಯಲ್ಲಿ ತುಂಬಿಟ್ಟ ನೀರು ಒಂದೆರಡು ದಿನಗಳಲ್ಲಿ ಕಪ್ಪಾದರೆ ಮಲದ ಸೋಂಕಿನ ಶಂಕೆಯಿದೆಯೆಂದು ತಿಳಿದು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಕಪ್ಪಾಗದಿದ್ದರೆ ನೀರು ನಿರ್ದೋಷಿಯೆಂದು ಸಂಭ್ರಮಿಸಬಾರದು. ಕಾಮಾಲೆಯ ವೈರಾಣು ಆ ಬಾಟಲಿಗೆ ಕಾಣುವುದಿಲ್ಲ. ಹೀಗಾಗಿಯೇ ಎರಡೂ ಪರೀಕ್ಷೆಗಳು ಜೊತೆಯಾಗಿ ನಡೆಯಬೇಕು, ವರ್ಷವಿಡೀ ನಡೆಯಬೇಕು.

ನೂರು ವರ್ಷಗಳಿಂದ ಹಾಜರಿ ಪುಸ್ತಕವನ್ನು ಬರೆಯುತ್ತ ಬಂದ ಈ ಶಾಲೆಗೆ ಇನ್ನೊಂದು ಪುಸ್ತಕ ಭಾರವಾಗಲಾರದು. ಶಾಲೆಯ ನಲ್ಲಿ, ಸಮೀಪದ ಒಂದು ಬಾವಿ, ಒಂದು ಕೊಳವೆಬಾವಿ, ನದಿಯ ಒಂದು ಘಾಟು: ಇವಿಷ್ಟೇ ಸಾಕು. ಪ್ರತಿ ತಿಂಗಳು ಅದೇ ಸ್ಥಳ, ಅದೇ ಹೊತ್ತು. ದಿನಾಂಕ, ಹಿಂದಿನ ದಿನದ ಮಳೆ, ಅಳತೆ, ಬರೆದವರ ಸಹಿ. ಅಂಕಿ ಕೆಟ್ಟಿದ್ದರೂ ತಿದ್ದದೆ ಬರೆಯಬೇಕು.

ಪ್ರಯೋಗಾಲಯದಿಂದ ನಿರ್ಜಂತುಕ ಬಾಟಲಿಯೊಂದನ್ನು ತಂದಿದ್ದೇನೆ. ಅದರ ತಳದಲ್ಲಿ ಕ್ಲೋರಿನ್ ತಡೆಯುವ ಔಷಧವಿದೆ, ತೊಳೆಯಬಾರದು. ನಲ್ಲಿಯನ್ನು ಎರಡು ಮೂರು ನಿಮಿಷ ಬಿಟ್ಟು, ಬಾಯಿಗೆ ಬೆರಳು ತಾಗದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಇಂದೇ ತಲುಪಿಸಬೇಕು. ಸಭೆ ಮುಗಿದೊಡನೆ ಎಂಟನೆಯ ತರಗತಿಯ ಮಕ್ಕಳು ನನ್ನೊಡನೆ ನಲ್ಲಿಯ ಬಳಿಗೆ ಬರಲಿ.